ನಿಮಗಿದು ಗೊತ್ತೆ? ಗೋಡೆಗಳಿಗೆ ಮಾತು ಕೊಟ್ಟ ವಾಸ್ತುಶಿಲ್ಪಿ

■ 1939ರಲ್ಲಿ ಜನಿಸಿದ ಮಾರೆಕ್ ಬುಡ್ಜಿನ್‌ಸ್ಕಿ ಪೋಲೆಂಡ್‌ನ ಆಧುನಿಕೋತ್ತರ ವಾಸ್ತುಶಿಲ್ಪಿಗಳಲ್ಲಿ ಪ್ರಮುಖರು.

■ 1970ರ ದಶಕದಲ್ಲಿ ರಾಜಧಾನಿ ವಾರ್ಸಾದ ಉತ್ತರ ಉರ್ಸಿನೂಫ್ ಬಡಾವಣೆಯ ವಿನ್ಯಾಸ ತಂಡವನ್ನು ಮುನ್ನಡೆಸಿದರು. ಕಮ್ಯುನಿಸ್ಟ್ ಆಡಳಿತದ ಆ ಕಾಲದಲ್ಲಿ ಮನೆ ಕಟ್ಟಲು ಬಳಸಬೇಕಿದ್ದುದು ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟ್ ಚಪ್ಪಡಿಗಳನ್ನೇ. ಆದರೂ ಅಂಗಳ, ಕಾಲುದಾರಿ, ಹಸಿರಿಗೆ ಜಾಗ ಬಿಟ್ಟರು. ಪಾಯ ಅಗೆದ ಮಣ್ಣು ಅಲ್ಲಿ ಗುಡ್ಡವಾಯಿತು.

■ ಜ್ಬಿಗ್ನ್ಯೆವ್ ಬಾದೋವ್‌ಸ್ಕಿ ಜೊತೆಗೂಡಿ ರೂಪಿಸಿದ ವಾರ್ಸಾ ವಿಶ್ವವಿದ್ಯಾಲಯದ ಗ್ರಂಥಾಲಯ ಓದುಗರಿಗೆ ತೆರೆದದ್ದು 1999ರಲ್ಲಿ. ಬೀದಿಬದಿಯ ಗೋಡೆಯ ಮೇಲೆ ಪಾಚಿಬಣ್ಣದ ಬೃಹತ್ ತಾಮ್ರದ ಫಲಕಗಳಿವೆ. ಗ್ರೀಕ್, ಹೀಬ್ರೂ, ಅರಬ್ಬಿ ಬರಹಗಳು, ಗಣಿತ ಸೂತ್ರಗಳು, ಸಂಗೀತದ ಸ್ವರಲಿಪಿ ಅವುಗಳ ಮೇಲಿವೆ. ನಮ್ಮ ಸಂಸ್ಕೃತಕ್ಕೂ ಅಲ್ಲೊಂದು ಫಲಕ ಮೀಸಲು!

■ ಅದೇ ಗ್ರಂಥಾಲಯದ ತಾರಸಿಯಲ್ಲಿ ಒಂದು ಹೆಕ್ಟೇರ್‌ಗೂ ಮಿಕ್ಕ ಉದ್ಯಾನವಿದೆ. 2002ರಲ್ಲಿ ತೆರೆದ ಇದು ಯುರೋಪಿನ ಅತಿದೊಡ್ಡ ತಾರಸಿ ತೋಟಗಳಲ್ಲೊಂದು.

■ ವಾರ್ಸಾದ ಸುಪ್ರೀಂ ಕೋರ್ಟ್ ಕಟ್ಟಡವೂ ಇದೇ ಜೋಡಿಯದು. ಅದರ ಹಸಿರು ಕಂಬಗಳ ಮೇಲೆ ರೋಮನ್ ನ್ಯಾಯಸೂತ್ರಗಳು ಲ್ಯಾಟಿನ್ ಮತ್ತು ಪೋಲಿಷ್ ಭಾಷೆಗಳಲ್ಲಿವೆ. ಕಾನೂನು ದಾರಿಹೋಕರ ಕಣ್ಣಿಗೂ ಬೀಳಬೇಕು ಎಂಬುದನ್ನು ಇಷ್ಟು ಸೊಗಸಾಗಿ ಹೇಳುವ ಕಟ್ಟಡಗಳು ವಿರಳ.

■ ಬ್ಯಾವಿಸ್ತೋಕ್ ನಗರದಲ್ಲಿ 2012ರಲ್ಲಿ ತೆರೆದ, ಹಸಿರು ಬಳ್ಳಿಗಳಿಗೆ ಗೋಡೆಯೊಡ್ಡಿದ ಒಪೆರಾ ಭವನವೂ ಬುಡ್ಜಿನ್‌ಸ್ಕಿಯವರದೇ ವಿನ್ಯಾಸ.