ಅಂಗಳದ ಹೂವು, ಅರಸರ ತೋಟ

ಹೂಗಿಡ ಬೆಳೆಸಲು ವಿಶಾಲವಾದ ಹಿತ್ತಿಲು ಬೇಕು, ನೋಡಿಕೊಳ್ಳಲು ಮಾಲಿಯೊಬ್ಬ ಬೇಕು ಎಂಬ ಭಾವನೆ ನಮ್ಮಲ್ಲಿ ಹಲವರಿಗುಂಟು. ಇದು ಸರಿಯಲ್ಲ. ಬಿಸಿಲು ಬೀಳುವ ಮೂಲೆ, ತಳದಲ್ಲಿ ತೂತಿರುವ ಹಳೆಯ ತಗಡಿನ ಡಬ್ಬ, ಕೆಮ್ಮಣ್ಣು, ಕೊಟ್ಟಿಗೆಯ ಗೊಬ್ಬರ ಇಷ್ಟಿದ್ದರೆ ಮಲ್ಲಿಗೆ ಬಂದೀತು.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದುದರಿಂದ ನವೆಂಬರ್ ಕೊನೆಯ ಹೊತ್ತಿಗೆ ನೀರನ್ನು ಕಡಮೆ ಮಾಡಿ ಕೊಂಬೆಗಳನ್ನು ಸವರಬೇಕು. ಬೋಳಾದ ಗಿಡವನ್ನು ಕಂಡು ಮನೆಯವರು ಮರುಗುವುದುಂಟು. ನಮ್ಮ ತಾಯಿಯೂ ಮರುಗಿದರು. ಆದರೆ ಮಾರ್ಚಿ ತಿಂಗಳಲ್ಲಿ ಮೊದಲ ಮೊಗ್ಗುಗಳನ್ನು ಎಣಿಸಿದವರೂ ಅವರೇ. ಸಂಜೆ ಬಿರಿಯುವ ಮೊಗ್ಗಿಗಾಗಿ ಕಾಯುವ ಸುಖವನ್ನು ಪೇಟೆಯಿಂದ ತಂದ ಮೊಳ ಹೂವು ಕೊಡಲಾರದು.

ಹೀಗೆ ಒಂದೇ ಗಿಡವನ್ನಾದರೂ ಸಾಕಿದವನು ದೊಡ್ಡ ತೋಟಕ್ಕೆ ಹೋದರೆ ಅವನು ನೋಡುವ ರೀತಿಯೇ ಬೇರೆ. ಬೆಂಗಳೂರಿನ ಲಾಲ್‌ಬಾಗನ್ನೇ ತೆಗೆದುಕೊಳ್ಳಿ. 1760ರಲ್ಲಿ ಹೈದರಾಲಿ ಆರಂಭಿಸಿದ, ಟಿಪ್ಪು ಹೊರನಾಡುಗಳಿಂದ ಸಸಿಗಳನ್ನು ತರಿಸಿ ಬೆಳೆಸಿದ ಆ ತೋಟ ಇಂದು ಸುಮಾರು 240 ಎಕರೆಯ ಸಾರ್ವಜನಿಕ ಉದ್ಯಾನ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಗಳಲ್ಲಿ ಗಾಜಿನ ಮನೆಯೊಳಗಿನ ಬಣ್ಣಗಳಿಗೆ ಎಲ್ಲರೂ ಬೆರಗಾಗುತ್ತಾರೆ. ಗಿಡ ಸಾಕಿದವನಾದರೋ ಬುಡದ ಮಣ್ಣನ್ನೂ ಸವರಿದ ಕೊಂಬೆಯನ್ನೂ ನೋಡಿ, ಒಂದಿಷ್ಟು ಕಲಿತು ಮನೆಗೆ ಮರಳುತ್ತಾನೆ.

ಒಂದು ಕಾಲಕ್ಕೆ ಅರಸರ ಸೊತ್ತಾಗಿದ್ದ ಈ ಸಂತೋಷ ಈಗ ಒಂದು ಡಬ್ಬದ ಮಣ್ಣಿನಲ್ಲಿ ಯಾರಿಗೂ ದೊರೆಯುವಂತಿದೆ. ಮಳೆಗಾಲಕ್ಕೆ ಮುನ್ನ ಮಿತ್ರರು ಡಬ್ಬವೊಂದನ್ನು ಹುಡುಕಿಟ್ಟುಕೊಳ್ಳಲಿ. ನೆಡಲು ಮಲ್ಲಿಗೆಯ ಕಡ್ಡಿಯನ್ನು ನಾನು ಕೊಡುತ್ತೇನೆ.