ಕಿವಿ ಹಿಂಡುತ್ತೇನೆ ಎಂದ ಕೈದಿ

ವಿಚಾರಣೆಯ ನಡುವೆ ಒಂದು ದಿನ ಆ ಹುಡುಗಿ ತಕರಾರು ತೆಗೆದಳು. ಈಗ ಕೇಳುತ್ತಿರುವ ಪ್ರಶ್ನೆಗೆ ಎಂಟು ದಿನದ ಹಿಂದೆಯೇ ಉತ್ತರ ಕೊಟ್ಟಾಗಿದೆ, ಹೀಗೆ ಹೀಗೆ ಹೇಳಿದ್ದೇನೆ ಅಂದಳು. ಅಂಥ ಉತ್ತರವೇನೂ ಬಂದಿಲ್ಲ ಎಂದ, ಹೇಳಿಕೆ ಬರೆದುಕೊಳ್ಳುತ್ತಿದ್ದ ಕರಣಿಕ ಬ್ವಾಗಿಯೋಮ್. ಕೂತಿದ್ದವರಲ್ಲಿ ಕೆಲವರು ಅವಳ ಮಾತೇ ಸರಿ ಎಂದರು. ಹಾಳೆ ತಿರುವಿ ಆ ದಿನದ ಬರಹ ಓದಿಸಿದರೆ, ಅವಳು ಹೇಳಿದ್ದು ಹೇಳಿದ ಹಾಗೇ ಅಲ್ಲಿತ್ತು. ಅವಳಿಗೆ ಖುಷಿಯೋ ಖುಷಿ. ಇನ್ನೊಮ್ಮೆ ತಪ್ಪಿದರೆ ಕಿವಿ ಹಿಂಡುತ್ತೇನೆ ಎಂದು ಕರಣಿಕನನ್ನು ಎಚ್ಚರಿಸಿದಳು.

ಎಷ್ಟೋ ವರ್ಷಗಳ ಮೇಲೆ ಸಾಕ್ಷಿಯೊಬ್ಬ ಹೇಳಿದ ಸಂಗತಿ ಇದು. ಕೈದಿಯ ಹೆಸರು ಜೋನ್ ಆಫ್ ಆರ್ಕ್. ಊರು ಫ್ರಾನ್ಸಿನ ರೂಆನ್, ವರ್ಷ 1431. ಓದು ಬರಹ ಬಾರದ, ಸುಮಾರು ಹತ್ತೊಂಬತ್ತು ವರ್ಷದ ರೈತರ ಮನೆಯ ಹುಡುಗಿ ಒಂದು ಕಡೆ. ಬಿಷಪ್ಪರು, ಮಠಾಧಿಪತಿಗಳು, ದೇವತಾಶಾಸ್ತ್ರದ ಪಂಡಿತರು ಇನ್ನೊಂದು ಕಡೆ. ಅವಳ ಪರ ವಕೀಲರಿಲ್ಲ.

ಅವಳ ಊರು ಡೊಂರೆಮಿ. ಹದಿಮೂರರ ವಯಸ್ಸಿನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಅಪ್ಪನ ತೋಟದಲ್ಲಿದ್ದಾಗ ಮೊದಲ ಸಲ ಧ್ವನಿ ಕೇಳಿಸಿತೆಂದೂ ತುಂಬ ಹೆದರಿದೆನೆಂದೂ ಅವಳೇ ಹೇಳಿದ್ದಾಳೆ. ಆಮೇಲೆ ಅದು ಸಂತ ಮೈಕಲ್, ಸಂತ ಕ್ಯಾಥರೀನ್, ಸಂತ ಮಾರ್ಗರೆಟರ ಧ್ವನಿ ಎಂದು ಗುರುತಿಸಿದಳು. ಆ ಧ್ವನಿಗಳ ಮಾತು ನಂಬಿ ಹೊರಟವಳು 1429ರ ಮೇ 8ರ ಹೊತ್ತಿಗೆ ಆರ್ಲಿಯನ್ಸ್ ನಗರದ ಮುತ್ತಿಗೆ ಬಿಡಿಸಿದಳು. ಜುಲೈ 17ರಂದು ರಾನ್ಸ್‌ನಲ್ಲಿ ಏಳನೆಯ ಚಾರ್ಲ್ಸನ ಪಟ್ಟಾಭಿಷೇಕವಾಗುವಾಗ ಅವನ ಪಕ್ಕದಲ್ಲಿದ್ದಳು. ಮುಂದಿನ ಮೇ ತಿಂಗಳಲ್ಲಿ ಕಾಂಪ್ಯೇನ್ ಬಳಿ, ಇಂಗ್ಲಿಷರ ಜೊತೆಗಿದ್ದ ಬರ್ಗಂಡಿಯವರಿಗೆ ಸೆರೆಸಿಕ್ಕಳು. ಹತ್ತು ಸಾವಿರ ಲಿವ್ರ್ ಕೊಟ್ಟು ಇಂಗ್ಲಿಷರು ಅವಳನ್ನು ಕೊಂಡರು.

ಇಷ್ಟು ಹಣ ತೆತ್ತದ್ದು ಯಾಕೆಂಬುದು ಸ್ಪಷ್ಟ. ಅವಳಿಗೆ ಕೇಳಿಸಿದ ಧ್ವನಿ ದೇವರದ್ದಾದರೆ ಚಾರ್ಲ್ಸನ ಕಿರೀಟಕ್ಕೂ ದೇವರ ಒಪ್ಪಿಗೆ ಇದೆ ಎಂದಾಗುತ್ತದೆ. ಸೈತಾನನದ್ದಾದರೆ ಆ ಪಟ್ಟಾಭಿಷೇಕವೇ ಕಳಂಕ. ಇಂಗ್ಲೆಂಡಿನ ಬಾಲಕ ದೊರೆ ಆರನೆಯ ಹೆನ್ರಿಯೇ ಫ್ರಾನ್ಸಿಗೂ ರಾಜ ಎನ್ನುವವರಿಗೆ ಎರಡನೆಯದೇ ಬೇಕಿತ್ತು. ಆ ಕೆಲಸಕ್ಕೆ ಸಿಕ್ಕವನು ಬೋವೆಯ ಬಿಷಪ್ ಪಿಯೆರ್ ಕೊಶೋನ್.

ಕೊಶೋನ್ ಕಾಗದಪತ್ರದಲ್ಲಿ ಬಲು ಅಚ್ಚುಕಟ್ಟು. ಆದರೆ ಬುಡವೇ ಸರಿಯಿರಲಿಲ್ಲ. ಧರ್ಮಸಭೆಯ ನ್ಯಾಯಾಲಯದ ಕೈದಿಯನ್ನು ಧರ್ಮಸಭೆಯ ಸೆರೆಮನೆಯಲ್ಲಿ, ಹೆಂಗಸರ ಕಾವಲಿನಲ್ಲಿ ಇಡಬೇಕಿತ್ತು. ಜೋನಳನ್ನು ಇಟ್ಟದ್ದು ಕೋಟೆಯಲ್ಲಿ, ಕಾಲಿಗೆ ಬೇಡಿ ಹಾಕಿ, ಇಂಗ್ಲಿಷ್ ಸಿಪಾಯಿಗಳ ಕಾವಲಿನಲ್ಲಿ. ಅವಳು ಗಂಡಸಿನ ಉಡುಪು ಬಿಡಲಿಲ್ಲವೆಂದು ಆರೋಪಪಟ್ಟಿಯಲ್ಲಿ ಮತ್ತೆ ಮತ್ತೆ ಬರೆದವರು ಈ ಕಾವಲಿನ ಬಗ್ಗೆ ಯೋಚಿಸದೆ ಇದ್ದದ್ದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಅವಳ ಊರಿನ ಕಡೆ ನಡತೆ ವಿಚಾರಿಸಲು ಹೋಗಿದ್ದವನೊಬ್ಬ, ನನ್ನ ಒಡಹುಟ್ಟಿದವಳಲ್ಲಿ ಇರಬಾರದು ಅನ್ನಿಸುವಂಥದ್ದೇನೂ ಇವಳಲ್ಲಿ ಸಿಗಲಿಲ್ಲ ಎಂದು ಬಂದು ಹೇಳಿದ. ಅವನಿಗೆ ಸಿಕ್ಕಿದ್ದು ಬೈಗುಳ. ಝಾನ್ ಲೊಯೆ ಎಂಬ ನುರಿತ ಕಾನೂನು ಪಂಡಿತ, ಈ ವಿಚಾರಣೆ ಊರ್ಜಿತವಾಗುವುದಿಲ್ಲ ಎಂದು ಕಾರಣ ಸಹಿತ ಹೇಳಿ ರೂಆನ್ ಬಿಟ್ಟೇ ಹೋದ. ಏಪ್ರಿಲಿನಲ್ಲಿ ಜೋನ್ ಕಾಯಿಲೆ ಬಿದ್ದಾಗ ಇಂಗ್ಲಿಷ್ ಅಧಿಕಾರಿ ವೈದ್ಯರನ್ನು ಕರೆಸಿ ಚೆನ್ನಾಗಿ ನೋಡಿಕೊಳ್ಳಿ ಎಂದ. ಕರುಣೆಯಿಂದಲ್ಲ, ದುಬಾರಿ ಬೆಲೆಗೆ ಕೊಂಡವಳು ರೋಗದಿಂದ ಸಾಯಕೂಡದಿತ್ತು.

ಫೆಬ್ರವರಿ 21ರಂದು ಮೊದಲ ಬಹಿರಂಗ ಪ್ರಶ್ನೋತ್ತರ. ಕೇಳಿದ್ದಕ್ಕೆಲ್ಲ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡು ಎಂದರು. ಏನು ಕೇಳುತ್ತೀರೋ ಗೊತ್ತಿಲ್ಲದೆ ಹೇಗೆ ಮಾಡಲಿ ಎಂದಳು. ಅಪ್ಪ ಅಮ್ಮನ ಬಗ್ಗೆ, ತಾನು ಮಾಡಿದ ಕೆಲಸದ ಬಗ್ಗೆ ಹೇಳಲು ಒಪ್ಪಿದಳು; ದೊರೆಗೆ ಮಾತ್ರ ತಿಳಿಸಿದ ದೈವೀ ಸಂದೇಶಗಳನ್ನು ತಲೆ ಹೋದರೂ ಬಿಡಿಸಿ ಹೇಳೆನೆಂದಳು. ಆಮೇಲೆ ಶುರುವಾಯಿತು ಧ್ವನಿಗಳ ಜಾಲಾಟ. ಬೆಳಕು ಯಾವ ಕಡೆಯಿಂದ ಬಂತು? ಸಂತರ ತಲೆಯಲ್ಲಿ ಕೂದಲಿತ್ತೆ? ಸಂತ ಮೈಕಲ್ ಬೆತ್ತಲೆ ಇದ್ದನೆ? ದೇವರಿಗೆ ಅವನಿಗೆ ಉಡಿಸುವಷ್ಟು ಗತಿಯಿಲ್ಲವೆಂದು ತಿಳಿದಿರಾ ಎಂದು ಅವಳು ತಿರುಗಿ ಕೇಳಿದಳು. ಸಂತ ಮಾರ್ಗರೆಟ್ ಇಂಗ್ಲಿಷ್ ಮಾತಾಡುವುದಿಲ್ಲವೆ? ಇಂಗ್ಲಿಷರ ಪಕ್ಷ ಅಲ್ಲದವಳು ಇಂಗ್ಲಿಷ್ ಯಾಕೆ ಆಡಬೇಕು ಎಂದಳು.

ಫೆಬ್ರವರಿ 24ರ ಪ್ರಶ್ನೆ ಇವೆಲ್ಲಕ್ಕಿಂತ ಕುಟಿಲ. ದೇವರ ವರಪ್ರಸಾದ ನಿನ್ನಲ್ಲಿದೆಯೆಂದು ನಿನಗೆ ಗೊತ್ತೆ? ಇದೆ ಎಂದರೆ ಅಹಂಕಾರ, ಏಕೆಂದರೆ ಅದು ಯಾರಿಗೂ ಖಚಿತವಾಗಿ ತಿಳಿಯದು ಎಂಬುದು ಶಾಸ್ತ್ರ. ಇಲ್ಲ ಎಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ಕೊಡಲಿ, ಇದ್ದರೆ ಅದರಲ್ಲೇ ಉಳಿಸಲಿ ಎಂದಳು. ಕೇಳಿದವರು ದಂಗಾದರು ಎಂದು ಬ್ವಾಗಿಯೋಮನೇ ಮುಂದೆ ಸಾಕ್ಷಿ ನುಡಿದಿದ್ದಾನೆ.

ಧರ್ಮದ್ರೋಹದ ಆರೋಪದ ತಿರುಳು ಮಾತ್ರ ಬೇರೆ ಕಡೆ ಇತ್ತು. ಧ್ವನಿ ಕೇಳುವುದೇ ಆ ಕಾಲದಲ್ಲಿ ಅಪರಾಧವಾಗಿರಲಿಲ್ಲ. ಅದು ಎಲ್ಲಿಂದ ಬಂತೆಂದು ತೀರ್ಮಾನಿಸುವ ಹಕ್ಕು ಯಾರದ್ದು ಎಂಬುದೇ ಜಗಳ. ಧರ್ಮಸಭೆಯ ತೀರ್ಪಿಗೆ ತಲೆಬಾಗುತ್ತೀಯಾ ಎಂದು ನಾನಾ ರೀತಿಯಲ್ಲಿ ಕೇಳಿದರು. ಬಾಗುತ್ತೇನೆ, ಆದರೆ ದೇವರ ಸೇವೆ ಮೊದಲು ಎಂದಳು. ಆ ಒಂದು ಮಾತನ್ನು ಅವಳು ಬಿಟ್ಟುಕೊಟ್ಟಿದ್ದರೆ ಕೊಶೋನನ ಕೆಲಸ ಸಲೀಸಾಗುತ್ತಿತ್ತು. ಮೇ 9ರಂದು ಚಿತ್ರಹಿಂಸೆಯ ಸಲಕರಣೆ ತೋರಿಸಿದಾಗಲೂ, ಕೈಕಾಲು ಕಿತ್ತರೂ ಬೇರೆ ಹೇಳೆ, ಹೇಳಿದರೂ ಬಲವಂತಕ್ಕೆ ಹೇಳಿದ್ದೆಂದು ಆಮೇಲೆ ಸಾರುತ್ತೇನೆ ಎಂದಳು. ಮೂರು ದಿನ ಬಿಟ್ಟು ಪಂಡಿತರ ಅಭಿಪ್ರಾಯ ಕೇಳಿದಾಗ, ಹಿಂಸಿಸಿ ಎಂದವರು ಮೂವರೇ.

ಎಪ್ಪತ್ತು ಆರೋಪಗಳನ್ನು ಹನ್ನೆರಡಕ್ಕೆ ಇಳಿಸಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅವಳ ಮುಖ ಕಾಣದೆ, ಆ ಹನ್ನೆರಡನ್ನು ಮಾತ್ರ ಓದಿ ವಿಶ್ವವಿದ್ಯಾಲಯ ಅವಳನ್ನು ತಪ್ಪಿತಸ್ಥಳೆಂದಿತು. ಮೇ 24ರಂದು ಸೇಂಟ್ ಊಆನ್ ಸ್ಮಶಾನದಲ್ಲಿ, ಜನರ ಎದುರು, ಬೆಂಕಿಯ ಭಯದಲ್ಲಿ ಅವಳು ತನ್ನ ಮಾತು ಹಿಂತೆಗೆದುಕೊಳ್ಳುವ ಪತ್ರಕ್ಕೆ ಗುರುತು ಹಾಕಿದಳು. ಅಂದು ಓದಿದ ಪತ್ರ ಆರೇಳು ಸಾಲಿನದೆಂದು ಕಂಡವರು ಹೇಳಿದ್ದಾರೆ. ಕಡತದಲ್ಲಿ ಕೂತಿರುವುದು ಅದಕ್ಕಿಂತ ಎಷ್ಟೋ ಪಾಲು ಉದ್ದದ್ದು. ನಾಲ್ಕೇ ದಿನದಲ್ಲಿ ಅವಳು ಮತ್ತೆ ಗಂಡುಡುಪಿನಲ್ಲಿದ್ದಳು. ಜೀವ ಉಳಿಸಿಕೊಳ್ಳಲು ಮಾಡಿದ್ದು ದ್ರೋಹವೆಂದು ಧ್ವನಿಗಳು ಹೇಳಿದವು ಎಂದಳು. ಆ ಮಾತಿನ ಪಕ್ಕದಲ್ಲಿ, ಹಾಳೆಯ ಅಂಚಿಗೆ, ಕರಣಿಕ ಲ್ಯಾಟಿನ್‌ನಲ್ಲಿ ಷರಾ ಬರೆದ: ಮಾರಣಾಂತಿಕ ಉತ್ತರ. ಮೇ 30ರಂದು ಹಳೇ ಸಂತೆಮಾಳದಲ್ಲಿ ಅವಳನ್ನು ಜೀವಂತ ಸುಟ್ಟರು. ಬೂದಿಯನ್ನು ಸೇನ್ ನದಿಗೆ ಎಸೆದರು.

ಮುಖ್ಯ ಕರಣಿಕ ಗಿಯೋಮ್ ಮಾಂಶೋನ್‌ನನ್ನು ನಾನು ಪೂರ್ತಿ ಕ್ಷಮಿಸಲಾರೆ, ಪೂರ್ತಿ ತಳ್ಳಿಹಾಕಲೂ ಆರೆ. ಬೇಹುಗಾರನೊಬ್ಬ ಅವಳ ಸೀಮೆಯವನಂತೆ ನಟಿಸಿ ಬಾಯಿ ಬಿಡಿಸುವಾಗ, ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳಲು ನೇಮಕವಾದವರಲ್ಲಿ ಅವನೂ ಒಬ್ಬ. ಪರದೆಯ ಮರೆಯಲ್ಲಿ ಬೇರೆ ಗುಮಾಸ್ತರು ಹೇಳಿಕೆ ತಿರುಚಿ ಬರೆದಾಗ, ಅದನ್ನು ಒಪ್ಪದೆ ತನ್ನ ಬರಹಕ್ಕೇ ಅಂಟಿಕೊಂಡವನೂ ಅವನೇ. ಅವಳು ಸತ್ತ ಮೇಲೆ ಒಂದು ತಿಂಗಳು ಸಮಾಧಾನವಿಲ್ಲದೆ ಅತ್ತೆನೆಂದೂ, ವಿಚಾರಣೆಯ ಸಂಭಾವನೆಯ ಒಂದು ಪಾಲಿನಲ್ಲಿ ಸಣ್ಣ ಪೂಜಾಗ್ರಂಥವೊಂದನ್ನು ಕೊಂಡು ಅವಳಿಗಾಗಿ ಪ್ರಾರ್ಥಿಸುತ್ತೇನೆಂದೂ ಹೇಳಿದ.

ಹೇಳುವ ಅವಕಾಶ ಬಂದದ್ದು ಅವಳ ತಾಯಿ ಇಸಾಬೆಲ್ ರೋಮೆಯಿಂದ. ಮೂರನೆಯ ಕ್ಯಾಲಿಕ್ಸ್ಟಸ್ ಪೋಪರ ಅನುಮತಿಯೊಂದಿಗೆ, 1455ರ ನವೆಂಬರ್ 7ರಂದು ಆ ಮುದುಕಿ ಪ್ಯಾರಿಸ್ಸಿನ ನೋಟ್ರ್ ಡಾಮ್‌ಗೆ ಬಂದು ಮಗಳಿಗೆ ನ್ಯಾಯ ಕೇಳಿದಳು. ಕೊಶೋನ್ 1442ರಲ್ಲೇ ತೀರಿಕೊಂಡಿದ್ದ. ಮಾಂಶೋನ್ ತಾನು ಫ್ರೆಂಚಿನಲ್ಲಿ ಬರೆದುಕೊಂಡಿದ್ದ ಮೂಲ ಟಿಪ್ಪಣಿಗಳನ್ನು ತಂದೊಪ್ಪಿಸಿದ. ಅದರ ಜೊತೆಗೆ 1431ರ ಏಪ್ರಿಲ್ 4ರ ಒಂದು ಕಾಗದವೂ ಹೊಸ ನ್ಯಾಯಾಧೀಶರ ಮುಂದಿತ್ತು. ಹನ್ನೆರಡು ಆರೋಪಗಳಲ್ಲಿ ಆಗಬೇಕಾದ ತಿದ್ದುಪಡಿಗಳು ಅದರಲ್ಲಿದ್ದವು. ಪ್ಯಾರಿಸ್ಸಿಗೆ ಹೋದ ಪ್ರತಿಯಲ್ಲಿ ಅವು ಇರಲಿಲ್ಲ. ಅಕ್ಷರ ತನ್ನದೇ ಎಂದು ಮಾಂಶೋನ್ ಒಪ್ಪಿಕೊಂಡ. ಅಂಥ ದೊಡ್ಡವರಿಗೆ ಎದುರಾಡುವ ಧೈರ್ಯ ತನಗಾಗಲಿ ಜೊತೆಗಾರನಿಗಾಗಲಿ ಇರಲಿಲ್ಲ ಎಂದ.

1456ರ ಜುಲೈ 7ರಂದು ರೂಆನ್‌ನಲ್ಲಿ ತೀರ್ಪು ಬಂತು. ಹಳೆಯ ವಿಚಾರಣೆ ವಂಚನೆಯಿಂದ ಕೂಡಿದ್ದು, ಅನೂರ್ಜಿತ. ಆ ಹನ್ನೆರಡು ಆರೋಪಗಳನ್ನು ಹರಿದುಹಾಕಿ ಎಂದಿತು. ತೋಟದಲ್ಲಿ ಹುಡುಗಿಗೆ ಕೇಳಿಸಿದ ಧ್ವನಿ ಯಾರದ್ದೆಂಬ ಬಗ್ಗೆ ಆ ನ್ಯಾಯಾಲಯ ತೀರ್ಪು ಕೊಡಲಿಲ್ಲ.