ಹಾಡಿನ ಕೆಳಗೆ ನುಡಿಯುವ ಕೈ

ಬೀಳಗಿಯ ಎರಡು ಹೆಸರು ಕನ್ನಡ ನಾಡಿನ ಆಚೆಗೂ ಹೋಗಿವೆ. ಒಂದು, ಅಮೀರಬಾಯಿ ಕರ್ನಾಟಕಿ. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಇಡೀ ಹಿಂದೂಸ್ತಾನಕ್ಕೆ ಪರಿಚಯವಾದ ಕೊರಳು. ಇನ್ನೊಂದು, ಸನಾದಿ ಅಪ್ಪಣ್ಣ. ಆತನನ್ನು ಅದೇ ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿಗೆ ತಂದರು. 1977ರಲ್ಲಿ ಅದು ರಾಜಕುಮಾರ್ ಅಭಿನಯದ ಸಿನಿಮಾ ಆಯಿತು, ತೆರೆಯ ಹಿಂದೆ ಸನಾದಿ, ಅಂದರೆ ಶಹನಾಯಿ, ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಹಾಡಿದವರೂ ಊದಿದವರೂ ನಮಗೆ ನೆನಪಿದ್ದಾರೆ. ಅವರ ಮಗ್ಗುಲಲ್ಲಿ ಕೂತು, ಆ ಕೊರಳನ್ನೂ ಆ ಉಸಿರನ್ನೂ ಮುಚ್ಚದ ಹಾಗೆ ತಾಳ ಹಿಡಿದ ಕೈಗಳನ್ನು ಕೇಳುವವರು ಕಡಿಮೆ. ಅಮೀರಬಾಯಿಯ ಅಪ್ಪ ತಬಲಾ ನುಡಿಸುವವರು. ಮನೆತನವೇ ನಾಟಕ, ಸಂಗೀತದ್ದು. ಮಗಳು ಹಾಡು ಕಲಿತದ್ದು ಅಂಥ ಕೈಯ ಪಕ್ಕದಲ್ಲಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆ ಮೂಲತಃ ದೊಡ್ಡ ಸದ್ದಿನ ಸೀಮೆ. ಇಲ್ಲಿನ ಜಾತ್ರೆಯ ಮುಂದೆ ಕರಡಿ ಮಜಲು ನಡೆಯಬೇಕು. ಮೈಗೆ ಕಟ್ಟಿದ ಕರಡಿ ವಾದ್ಯಗಳು ಸಾಲಾಗಿ ಗುಡುಗಿದರೆ ಎದೆಯ ಗೂಡು ನಡುಗುತ್ತದೆ, ಸನಾದಿ ಅದರ ಮೇಲೆ ಚೀರಿ ತೇಲುತ್ತದೆ. ಡೊಳ್ಳು ಬಂದರೆ ಓಣಿಯ ಕೂಸುಗಳು ನಿದ್ದೆಯಿಂದ ಏಳುತ್ತವೆ. ಹಲಗಿಯಂತೂ ಹೊಲದಾಚೆಯ ಊರಿಗೂ ಸುದ್ದಿ ಮುಟ್ಟಿಸುತ್ತದೆ. ಇವೆಲ್ಲ ಬಯಲಿಗಾಗಿ ಹುಟ್ಟಿದ ವಾದ್ಯಗಳು. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ತೇರಿನ ಹಿಂದಿದ್ದವನಿಗೂ ಹೆಜ್ಜೆ ತಪ್ಪದಂತೆ ಕೇಳಬೇಕಾದರೆ ಚರ್ಮದ ಮೇಲೆ ಕೋಲು ಬೀಳಲೇಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಕರಡಿ ಮಜಲನ್ನು ಮೆಲ್ಲಗೆ ಬಾರಿಸಿ ಎನ್ನುವುದು ತೇರನ್ನು ಮನೆಯೊಳಗೆ ಎಳೆಯಿರಿ ಎಂದಂತೆ.

ಒಳಗಿನ ಕಥೆ ಬೇರೆ. ಶ್ರಾವಣದಲ್ಲಿ ಮಠದ ಅಂಗಳ, ಸೋಮವಾರದ ಭಜನೆಗೆ ಗುಡಿಯ ಪಡಸಾಲೆ, ನಾಟಕದ ತಾಲೀಮಿಗೆ ಗೌಡರ ಮನೆಯ ಮಾಳಿಗೆ, ಇಪ್ಪತ್ತು ಮೂವತ್ತು ಜನ ಗೋಡೆಗೆ ಬೆನ್ನು ಹಚ್ಚಿ ಕೂತರೆ ತುಂಬಿಹೋಗುವ ಜಾಗಗಳಿವು. ಇಲ್ಲಿ ಸದ್ದು ಹೊರಗೆ ಹೋಗಲು ದಾರಿ ಹುಡುಕುತ್ತ ಗೋಡೆಯಿಂದ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಹಾಡುವವನ ಒಂದು ಮಾತು ಇಂಥಲ್ಲಿ ಮುಳುಗಿದರೆ ಕೇಳುವವರಿಗೆ ಹಾಡೇ ಮುಳುಗಿದಂತೆ, ಏಕೆಂದರೆ ತತ್ವಪದಕ್ಕೂ ಶ್ರೀಕೃಷ್ಣ ಪಾರಿಜಾತದ ಆಟಕ್ಕೂ ಮಾತೇ ಜೀವ. ಹಾಗಾಗಿ ಈ ಭಾಗದಲ್ಲಿ ಹಿರಿಯರು ಹೊಸ ತಬಲಾ ಹುಡುಗನಿಗೆ ಹೇಳುವ ಮಾತು ತಾಳದ ಬಗ್ಗೆ ಇರುವುದಕ್ಕಿಂತ ಹೆಚ್ಚಾಗಿ ಕಿವಿಯ ಬಗ್ಗೆ ಇರುತ್ತದೆ: “ಸಣ್ಣಗ ನುಡಸೋ ತಮ್ಮಾ, ಮಾತು ಕೇಳವಲ್ದು.”

ಸಣ್ಣಗೆ ನುಡಿಸುವುದು ಬರೀ ಕೈ ಹಗುರ ಮಾಡಿದರೆ ಆಗುವ ಕೆಲಸವಲ್ಲ. ಅದಕ್ಕೆ ತಕ್ಕ ವಾದ್ಯ ಬೇಕಿತ್ತು, ಆ ವಾದ್ಯ ರೂಪುಗೊಳ್ಳಲು ಬಹಳ ಕಾಲ ಹಿಡಿಯಿತು. ಧ್ರುಪದದ ದಿನಗಳಲ್ಲಿ ಉತ್ತರದ ಆಸ್ಥಾನಗಳಲ್ಲಿ ಪಖವಾಜ್ ಮೊಳಗುತ್ತಿತ್ತು. ಅಂಗೈ ಪೂರ್ತಿ ಬೀಳುವ, ಎಡಮುಖಕ್ಕೆ ಪ್ರತಿ ಸಲ ಹಸಿ ಕಣಕ ಮೆತ್ತಬೇಕಾದ ವಾದ್ಯ ಅದು. ಖಯಾಲ್ ಗಾಯನ ಬಂದ ಮೇಲೆ ಗಾಯಕ ಒಂದೊಂದು ಸ್ವರವನ್ನೂ ನಿಧಾನವಾಗಿ ಬಿಡಿಸತೊಡಗಿದ. ಆ ನವಿರಿಗೆ ಪಖವಾಜ್ ಭಾರವಾಯಿತು, ತಬಲಾ ಜೋಡಿ ಮುಂದೆ ಬಂತು. ಸಿದ್ಧಾರ್ ಖಾನ್ ಹೆಸರಿನೊಂದಿಗೆ ಗುರುತಿಸುವ ದಿಲ್ಲಿ ಘರಾಣೆಯವರು 18ನೇ ಶತಮಾನದಲ್ಲಿ ಕಟ್ಟಿದ ಬಾಜನ್ನು, ಅಂದರೆ ನುಡಿಸುವ ಶೈಲಿಯನ್ನು, ‘ಬಂದ್ ಬಾಜ್’ ಎನ್ನುತ್ತಾರೆ. ತೋರುಬೆರಳು, ನಡುಬೆರಳು ಎರಡೇ ಮುಖ್ಯ. ಹೊಡೆತ ಬೀಳುವುದು ಚರ್ಮದ ಅಂಚಿನ ಚಾಟಿಯ ಮೇಲೆ, ಬೆರಳು ಬಿದ್ದಲ್ಲೇ ಒಂದು ಕ್ಷಣ ನಿಂತು ನಾದವನ್ನು ಕಟ್ಟುತ್ತದೆ. ಲಖನೌ, ಬನಾರಸ್ ಕಡೆಯ ‘ಖುಲಾ ಬಾಜ್’ ಅಂಗೈಯನ್ನೂ ಬಳಸಿ ಪಖವಾಜಿನ ಗಾಂಭೀರ್ಯವನ್ನು ಉಳಿಸಿಕೊಂಡಿತು. ಸಣ್ಣ ಬೈಠಕ್ಕಿಗೆ ಯಾವುದು ಒಗ್ಗುತ್ತದೆ ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ದಿಲ್ಲಿಯ ಕಡೆ ಕೈ ತೋರಿಸುತ್ತೇನೆ.

ವಾದ್ಯದ ಮೈಯಲ್ಲೇ ಇನ್ನೊಂದು ಗುಟ್ಟಿದೆ. ತಬಲಾದ ನಡುವಿನ ಕಪ್ಪು ವೃತ್ತ, ಅಂದರೆ ಶಾಯಿ, ಕಬ್ಬಿಣದ ಪುಡಿ ಸೇರಿದ ಲೇಪ. ಪದರ ಪದರವಾಗಿ ಹಚ್ಚಿ ಕಲ್ಲಿನಿಂದ ತಿಕ್ಕಿ ತಿಕ್ಕಿ ಕೂಡಿಸಿದ್ದು. ಬರೀ ಚರ್ಮವನ್ನು ಬಿಗಿದು ಹೊಡೆದರೆ ಏಳುವ ಉಪನಾದಗಳು ಒಂದಕ್ಕೊಂದು ಕೂಡದೆ ಗದ್ದಲವಾಗುತ್ತವೆ. ಶಾಯಿಯ ಭಾರ ಅವನ್ನು ಸಾಲಿಗೆ ತಂದು ನಿಲ್ಲಿಸುತ್ತದೆ, ಆಗ ಹೊಡೆತಕ್ಕೆ ಶ್ರುತಿ ಹುಟ್ಟುತ್ತದೆ. ಇದನ್ನು ವಿಜ್ಞಾನದ ಕಣ್ಣಿನಿಂದ ಮೊದಲು ಬಿಡಿಸಿಟ್ಟವರು ಸಿ.ವಿ. ರಾಮನ್. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದರು, ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಸಂಚಿಕೆಯಲ್ಲಿ ಅದನ್ನೇ ಬೆಳೆಸಿ ಬರೆದರು. ಸಣ್ಣ ಕೋಣೆಯ ಸಂಗೀತಕ್ಕೆ ಈ ಸಂಗತಿ ಬಹಳ ಮುಖ್ಯ. ಶ್ರುತಿಯಿಲ್ಲದ ಚರ್ಮವಾದ್ಯ ಕೇಳಿಸಬೇಕಾದರೆ ಹಾಡನ್ನು ದಾಟಿ ಏಳಬೇಕು. ಶ್ರುತಿಯುಳ್ಳದ್ದು ತಂಬೂರಿಯ ನಾದದೊಳಗೇ ಸೇರಿಕೊಂಡು, ಮೆಲ್ಲಗಿದ್ದೂ ಸ್ಪಷ್ಟವಾಗಿ ಕೇಳುತ್ತದೆ. ಹಾರ್ಮೋನಿಯಂನ ಬಿಳಿ ನಾಲ್ಕರ ಶ್ರುತಿಯ ಹಾಡಿಗೆ ಕರಿ ಎರಡರ ತಬಲಾ ಇಟ್ಟುಕೊಂಡು ಕೂತವನು ಎಷ್ಟೇ ಹಗುರ ನುಡಿಸಲಿ, ಕಿವಿಗೆ ಅದು ಜೋರೇ. ಸುತ್ತಿಗೆ ಹಿಡಿದು ಅಂಚಿನ ಗಜರಾ ಬಡಿದು, ಪಕ್ಕದ ಮರದ ಗಟ್ಟಾ ಇಳಿಸಿ ಏರಿಸಿ, ಷಡ್ಜಕ್ಕೆ ಕೂಡಿಸುವ ಆ ಹತ್ತು ನಿಮಿಷಕ್ಕೆ ಸಭೆ ಬೇಸರಪಡಬಾರದು. ಸದ್ದು ತಗ್ಗುವುದು ಅಲ್ಲಿಂದಲೇ.

ಈ ವಾದ್ಯ ನಮ್ಮ ಕಡೆಯ ಮನೆಮಾತಾದದ್ದು ಹಲವು ದಾರಿಗಳಿಂದ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಎರಡಕ್ಕೂ ಕೃಷ್ಣೆಯ ಆಚೆಯ ಮಿರಜ, ಸಾಂಗಲಿಗಳ ನಂಟು. ಬಾಲಕೃಷ್ಣಬುವಾ ಇಚಲಕರಂಜೀಕರರು ಪಾಠ ಹೇಳಿದ, ಅಬ್ದುಲ್ ಕರೀಂ ಖಾನರು ನೆಲೆ ನಿಂತ ಮಿರಜದಿಂದ ಖಯಾಲೂ ತಬಲಾವೂ ಈ ಕಡೆ ಹರಿದವು. ಇನ್ನೊಂದು ದಾರಿ ಗದಗಿನದು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ನೂರಾರು ಮಕ್ಕಳಿಗೆ ಕಿವಿಯನ್ನೇ ಕಣ್ಣಾಗಿಸಿ ಹಾರ್ಮೋನಿಯಂ, ತಬಲಾ ಕಲಿಸಿದರು. ಅಲ್ಲಿ ಕಲಿತವರು ಊರೂರಿನ ಮಠಗಳಿಗೆ ಗವಾಯಿಗಳಾಗಿ, ತಬಲಾ ಸಾಥಿಗಳಾಗಿ ಹೋದರು. ಪುರಾಣ ಪ್ರವಚನ ನೋಡಿದವರಿಗೆ ಗೊತ್ತು, ಶಾಸ್ತ್ರಿಗಳು ಮಾತಾಡುತ್ತ ಮಾತಾಡುತ್ತ ಒಂದು ವಚನಕ್ಕೆ ಬಂದು ನಿಲ್ಲುತ್ತಾರೆ, ಗವಾಯಿ ಅದನ್ನು ಎತ್ತಿಕೊಳ್ಳುತ್ತಾರೆ, ತಬಲಾ ಒಳಗೆ ಬರುತ್ತದೆ, ಹಾಡು ಮುಗಿಯುತ್ತಲೇ ಮಾತಿಗೆ ಜಾಗ ಬಿಟ್ಟು ಸರಿಯುತ್ತದೆ. ಮಾತಿನ ನಡುವೆ ಬಂದು ಹೋಗುವ ಈ ತಾಲೀಮು ಬೇರೆಲ್ಲೂ ಸಿಗುವುದಿಲ್ಲ. ನಮ್ಮ ಭಾಗದ ಸಾಥಿಗಳ ಕೈ ಪಳಗಿದ್ದು ಕಛೇರಿಗಳಿಗಿಂತ ಹೆಚ್ಚಾಗಿ ಇಂಥ ಪ್ರವಚನಗಳಲ್ಲಿ ಎಂಬುದು ನನ್ನ ನಂಬಿಕೆ.

ಮೂರನೆಯ ದಾರಿ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಹಾಡುಗಬ್ಬವನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ತಂದ, ಕೌಜಲಗಿ ನಿಂಗಮ್ಮ ತನ್ನ ಹಾಡಿನಿಂದ ಅದನ್ನು ಮನೆಮನೆಗೆ ಮುಟ್ಟಿಸಿದಳು. ಮುಧೋಳದ ಲೋಕಾಪುರ ಇಂದಿಗೂ ಪಾರಿಜಾತದ ಊರು. ದೊಡ್ಡಾಟದಲ್ಲಿ ವೀರರು ಕುಣಿಯುತ್ತಾರೆ, ಅಟ್ಟ ಅದುರಬೇಕು, ಮದ್ದಳೆ ಮೊಳಗಬೇಕು. ಪಾರಿಜಾತದಲ್ಲಿ ಯುದ್ಧವಿಲ್ಲ. ಸತ್ಯಭಾಮೆಯ ಮುನಿಸು, ರುಕ್ಮಿಣಿಯ ಸಮಾಧಾನ, ದೂತಿಯ ಕೊಂಕು, ಕೊರವಂಜಿಯ ಕಣಿ, ಇಷ್ಟೇ. ಮುನಿಸಿಕೊಂಡ ಹೆಂಗಸಿನ ಹಾಡಿಗೆ ಯುದ್ಧದ ಸದ್ದು ಯಾಕೆ ಬೇಕು? ಹಾರ್ಮೋನಿಯಂ, ತಬಲಾ, ತಾಳ ಸಾಕು. ದೂತಿ ಭಾಗವತನನ್ನು ಕೆಣಕುವಾಗ ತಬಲಾ ಪೂರ್ತಿ ಸುಮ್ಮನಾಗುತ್ತದೆ, ಜನ ನಕ್ಕು ಮುಗಿಸುವ ತನಕ ಕಾಯುತ್ತದೆ, ಆಮೇಲೆ ಎಡಗೈಯ ಡಗ್ಗಾದ ಒಂದೇ ಗುಂಕಾರದಿಂದ ಹಾಡನ್ನು ಮತ್ತೆ ಎತ್ತುತ್ತದೆ. ಯಾವ ಆಟಕ್ಕೆ ಯಾವ ವಾದ್ಯ ಎಂಬುದನ್ನು ನಮ್ಮ ಜನಪದ ಕಲಾವಿದರು ಇಷ್ಟು ಚೊಕ್ಕವಾಗಿ ತೂಗಿದ್ದನ್ನು ನೋಡಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಕಂಪನಿ ನಾಟಕಗಳು ಈ ಕೈಯನ್ನು ಇನ್ನಷ್ಟು ತಿದ್ದಿದವು. ಮೈಕ್ ಇಲ್ಲದ ಕಾಲ. ನಟನೇ ಹಾಡಬೇಕು, ಹಿಂದಿನ ಸಾಲಿನ ನಾಲ್ಕಾಣೆಯವನಿಗೂ ಅಕ್ಷರ ಅಕ್ಷರ ಕೇಳಬೇಕು. ರಂಗದ ಮುಂದೆ ಕೂತ ತಬಲಾದವನು ಪ್ರೇಕ್ಷಕನಿಗೂ ನಟನಿಗೂ ನಡುವೆಯೇ ಇರುತ್ತಾನೆ, ಅವನ ಕೈ ಜೋರಾದರೆ ಹಾಡಿಗೆ ಗೋಡೆ ಕಟ್ಟಿದಂತೆ. ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹಲವು ವರ್ಷ ತಬಲಾ ನುಡಿಸಿದವರು ಉಸ್ತಾದ್ ಅಹ್ಮದ್ ಜಾನ್ ತಿರಕವಾ. ಒಬ್ಬರೇ ಕೂತು ಗಂಟೆಗಟ್ಟಲೆ ಸಭೆಯನ್ನು ಹಿಡಿದಿಡಬಲ್ಲ ಆ ದೈತ್ಯ ಪ್ರತಿಭೆ ನಾಟ್ಯಪದಗಳ ಕೆಳಗೆ ಸರಳ ಠೇಕಾ ಹಿಡಿದು ಕೂತಿತ್ತು. ಅದೇ ಮಂಡಳಿಗೆ 1938ರಲ್ಲಿ ನಾಯಕಿಯಾಗಿ ಹೋದವರು ಅಮೀರಬಾಯಿಯ ಅಕ್ಕ, ಬೀಳಗಿಯ ಗೋಹರಬಾಯಿ.

ಶಹನಾಯಿಯ ಹಾದಿಯೂ ಇಂಥದೇ. ಅರಮನೆ, ಗುಡಿಗಳ ಬಾಗಿಲ ಮೇಲಿನ ನೌಬತ್ತಿನಲ್ಲಿ ಅದರ ಜೊತೆಗಾರ ನಗಾರಿ. ಒಳಗೆ ಬಂದು ಸಭೆಯಲ್ಲಿ ಕೂತಾಗ ನಗಾರಿ ಹೊರಗುಳಿಯಿತು, ದುಕ್ಕಡ ಎಂಬ ಪುಟ್ಟ ಜೋಡಿ ಬಂತು. ಬಿಸ್ಮಿಲ್ಲಾ ಖಾನರ ಮೇಳದಲ್ಲಿ ಇದ್ದದ್ದು ಅದೇ. ದೂರದ ಅಮೆರಿಕದಲ್ಲೂ ಸರಿಸುಮಾರು ನೂರು ವರ್ಷದ ಹಿಂದೆ ಜಾಝ್ ವಾದಕರಿಗೆ ಇದೇ ತೊಡಕು ಎದುರಾಯಿತು. ಇಕ್ಕಟ್ಟಾದ ಕ್ಲಬ್ಬುಗಳಲ್ಲಿ ಡ್ರಮ್ಮಿನ ಕೋಲು ಪಿಯಾನೋವನ್ನು ನುಂಗುತ್ತಿತ್ತು. ಅವರು ಕೋಲು ಬಿಟ್ಟು ತಂತಿಯ ಕುಂಚ ಹಿಡಿದು ಚರ್ಮವನ್ನು ಸವರತೊಡಗಿದರು. 

ಆಮೇಲೆ ಮೈಕ್ ಬಂತು. ಅದರಿಂದ ಹಾಡುವವರಿಗೆ ಉಪಕಾರವೇ ಆಯಿತು. ಅಮೀರಬಾಯಿಯಂಥವರು ಕೊರಳೆತ್ತಿ ಕೂಗದೆ, ಹತ್ತಿರ ಕೂತವರಿಗೆ ಹೇಳಿದಂತೆ ಹಾಡಲು ಸಾಧ್ಯವಾದದ್ದು ಅದರಿಂದಲೇ. ಆದರೆ ಸಣ್ಣ ಜಾಗಗಳಲ್ಲಿ ತಬಲಾಕ್ಕೂ ಒಂದು ಮೈಕು, ಡಗ್ಗಾಕ್ಕೆ ಇನ್ನೊಂದು ಎಂದು ಇಡತೊಡಗಿದ ದಿನದಿಂದ ಹಳೆಯ ತೂಕ ತಪ್ಪಿತು. ಕೈಯ ಕೆಲಸ ಗುಂಡಿಯ ಪಾಲಾಯಿತು. ಗುಂಡಿ ತಿರುಗಿಸುವವನು ಹಾಡು ಕೇಳುತ್ತ ಕೂತಿರುವುದಿಲ್ಲ. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯ ನಮ್ಮ ಆರ್ಕೆಸ್ಟ್ರಾಗಳನ್ನು ಹೊಕ್ಕು, ಜಾತ್ರೆಯ ನಾಟಕಗಳನ್ನು ಹೊಕ್ಕು, ಈಗ ಭಜನಾ ಮೇಳಗಳ ತನಕ ಬಂದಿದೆ. ಪ್ಯಾಡನ್ನು ನಾನು ದೂರುವುದಿಲ್ಲ. ನಿಜ ನೋಡಿದರೆ ಅದರಷ್ಟು ಸಣ್ಣಗೆ ನುಡಿಯಬಲ್ಲ ವಾದ್ಯ ಇನ್ನೊಂದಿಲ್ಲ, ಸೊನ್ನೆಯ ತನಕ ಇಳಿಸಬಹುದು. ಇಳಿಸುವ ಮನಸ್ಸು ಬೇಕು, ಅಷ್ಟೇ.

ಕಟ್ಟಡಗಳೂ ಬದಲಾಗಿವೆ ಎಂಬುದನ್ನು ಮರೆಯಬಾರದು. ಹಿಂದಿನ ಗುಡಿ, ಮನೆಗಳಲ್ಲಿ ಮಣ್ಣಿನ ಗೋಡೆ, ಮರದ ತೊಲೆ ಜಂತಿ, ಮಣ್ಣಿನ ಮಾಳಿಗೆ, ಕೆಳಗೆ ಸೆಗಣಿ ಸಾರಿಸಿದ ನೆಲ, ಅದರ ಮೇಲೆ ಜಮಖಾನೆ. ಎಲ್ಲವೂ ಸದ್ದನ್ನು ಅಷ್ಟಿಷ್ಟು ಕುಡಿಯುವಂಥವು. ಈಗಿನ ಸಮುದಾಯ ಭವನಕ್ಕೆ ಸಿಮೆಂಟಿನ ಛಾವಣಿ, ಗೋಡೆಗೂ ನೆಲಕ್ಕೂ ನುಣುಪಾದ ಟೈಲ್ಸ್. ಅದೇ ತಬಲಾ, ಅದೇ ಕೈ, ಆದರೂ ಅಲ್ಲಿ ಪ್ರತಿ ಬೋಲ್ ನಾಲ್ಕಾಗಿ ಕೇಳುತ್ತದೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಸೇರುತ್ತದೆ. ಹಗಲೆಲ್ಲ ಪವರ್‌ಲೂಮಿನ ಖಟಖಟದಲ್ಲಿ ದುಡಿದ ಕಿವಿಗೆ ಮೆಲ್ಲಗಿನದು ಬೇಗ ತಾಗುವುದಿಲ್ಲ, ಸಂಜೆ ಭಜನೆಗೆ ಕೂತಾಗ “ಇನ್ನ ಸ್ವಲ್ಪ ಏರಸ್ರಿ” ಎಂಬ ಕೂಗು ಸಹಜವಾಗಿ ಬರುತ್ತದೆ. ಅದೇ ಕಿವಿಗಳಿಗೆ ವಿಶ್ರಾಂತಿ ಎಲ್ಲರಿಗಿಂತ ಹೆಚ್ಚು ಬೇಕಾಗಿದೆ ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ.

ಇದಕ್ಕೆ ಕಾನೂನಿನ ಕಡೆ ನೋಡಿದರೆ, 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಪೊಲೀಸರು ಬಂದು ನಿಲ್ಲಿಸುವುದು ಹೊರಗಿನ ಸದ್ದನ್ನು. ಗುಡಿಯ ಒಳಗೆ ಮೂವತ್ತು ಜನರ ನಡುವೆ ಎಷ್ಟು ಸದ್ದಿರಬೇಕು ಎಂದು ಹೇಳಬೇಕಾದವರು ಆ ಮೂವತ್ತು ಜನರೇ.

ಅದಕ್ಕೆ ಮಠಗಳ, ಭಜನಾ ಸಂಘಗಳ ಹಿರಿಯರಲ್ಲಿ ನನ್ನದೊಂದು ವಿನಂತಿ ಇದೆ. ಬರುವ ಶ್ರಾವಣದಲ್ಲಿ ಒಂದು ಸಂಜೆ ಹಾಡುವವರ ಮೈಕನ್ನಷ್ಟೇ ಇಟ್ಟು ತಬಲಾದ ಮೈಕನ್ನು ಬಂದ್ ಮಾಡಿಸಿ. ಟೈಲ್ಸಿನ ನೆಲದ ಮೇಲೆ ದಪ್ಪ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಒಂದೆರಡು ಕೌದಿ ಇಳಿಬಿಡಿ. ತಬಲಾದವರನ್ನು ಗವಾಯಿಗಳ ಬಾಯಿ ಕಾಣುವಷ್ಟು ಹತ್ತಿರ ಕೂರಿಸಿ, ಶ್ರುತಿ ಕೂಡಿಸಿಕೊಳ್ಳಲು ಹೊತ್ತು ಕೊಡಿ. ಮೊದಲ ಹಾಡಿಗೆ ಸದ್ದು ಸಾಲದು ಎನ್ನಿಸಿದರೆ ತಕ್ಷಣ ಗುಂಡಿಯ ಕಡೆ ಹೋಗದೆ ಎರಡನೆಯ ಹಾಡಿನ ತನಕ ತಾಳಿಕೊಳ್ಳಿ. ಕೊನೆಯ ಸಾಲಿನ ಅಜ್ಜಿಯನ್ನು ಕರೆದು ಪದದ ಮಾತು ತಿಳಿಯಿತೇ ಎಂದು ಕೇಳಿ. ಮುಂದೆ ಮೈಕ್ ಹಚ್ಚಬೇಕೋ ಬೇಡವೋ ಎಂಬುದನ್ನು ಆಕೆಯೇ ಹೇಳಲಿ.